ಮುಳ್ಳಿಲ್ಲದ ಕಳ್ಳಿಯ ಸಾಲು

ತಿಕೋಟಾ
೨೮ ಜೂನ್ ೧೯೬೪

ಪ್ರೀತಿಯ ಕಾಶಕ್ಕಾ,

ಸೊಲ್ಲಾಪುರದ ದಿಕ್ಕಿಗೆ ಮುಖ ಮಾಡಿ ಉದ್ದಕ್ಕೆ ಅಡ್ಡಬಿದ್ದಿದ್ದೇನೆ, ಎತ್ತಿಕೋ. ಮೂರು ತಿಂಗಳಿಂದ ಒಂದು ಕಾಗದ ಹಾಕದ ತಪ್ಪಿಗೆ ಎರಡೂ ಕೈಯಿಂದ ಕಿವಿ ಹಿಡಿದುಕೊಂಡಿದ್ದೇನೆ. ಹಾಗಾದರೆ ಪೆನ್ನು ಹಿಡಿದ ಕೈ ಯಾವುದು ಎಂದು ಭಾವನವರು ಕೇಳುತ್ತಾರೆ. ಅವರು ಗಿರಣಿಯ ಗುಮಾಸ್ತರು, ಎಲ್ಲಕ್ಕೂ ಪುರಾವೆ ಬೇಕು. ನೀನು ಉತ್ತರ ಕೊಡಬೇಡ.

ತಡವಾದದ್ದಕ್ಕೆ ಕಾರಣ ಇದೆ. ನಮ್ಮ ಪಡಸಾಲೆಯಲ್ಲಿ ಹದಿನೈದು ದಿನ ಆರು ಚೀಲ ಕಳ್ಳಿಯರು ಮಲಗಿದ್ದರು. ಹೆದರಬೇಡ, ಪೊಲೀಸರು ಹುಡುಕುವ ಕಳ್ಳಿಯರಲ್ಲ, ದನ ತಿನ್ನುವ ಕಳ್ಳಿ. ನಮ್ಮ ಹಾಳು ಗೋಡೆಗಳ ಮೇಲೆ ಬೆಳೆಯುವ ಡಬ್ಬಗಳ್ಳಿಯ ತಂಗಿ, ಆದರೆ ಮೈಮೇಲೆ ಒಂದು ಮುಳ್ಳಿಲ್ಲ. ಧಾರವಾಡದಲ್ಲಿ ನಮ್ಮ ಮಾಸ್ತರರೊಬ್ಬರು ಬೆಳೆಸಿದ್ದರು. ಮೂರು ವರ್ಷ ನಾನು ಅದರ ಹಿಂದೆಯೇ ತಿರುಗಿದೆ. ಬೇರು ಹಿಡಿದ ಮೇಲೆ ಹದಿನೈದು ದಿನಕ್ಕೊಮ್ಮೆ ಸಂಜೆ ಒಂದಿಷ್ಟು ನೀರು ತೋರಿಸಿದರೆ ಸಾಕು, ನಮ್ಮೂರಿನಂಥ ಕಲ್ಲು ಮಡ್ಡಿ ನೆಲದಲ್ಲಿಯೂ ಬೇಸಿಗೆ ಪೂರ್ತಿ ಹಸಿರು ಮೇವು. ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದು, ಹೊತ್ತು ಮುಳುಗಿದ ಮೇಲೆ ಉಸಿರು ಬಿಡುವ ಗಿಡ ಅದು. ನಮ್ಮ ಅಣ್ಣನ ಹಾಗೆ.

ಚೀಲಗಳು ವಿಜಾಪುರದ ಸ್ಟೇಶನ್ನಿಗೆ ಬಂದವು. ಇಬ್ರಾಹಿಂಪುರದ ಒಂದು ಬಂಡಿ ಹಿಡಿದು ಊರಿಗೆ ತಂದೆ. ಕತ್ತರಿಸಿದ ಗಾಯ ಒಣಗದೆ ನೆಟ್ಟರೆ ಕೊಳೆಯುತ್ತದೆ, ಅದಕ್ಕೇ ನೆರಳಿನಲ್ಲಿ ಹರವಿದ್ದು. ಮುರಿಗೆವ್ವ ವೈನಿ ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈ ಇಟ್ಟಳು.

“ಮಂದಿ ಧಾರವಾಡಕ್ಕ ಹೋದ್ರ ಪೇಢೆ ತರ್ತಾರ. ನಮ್ಮ ಮೈದನ ಕಳ್ಳಿ ತಂದಾನ!”

“ಮುಳ್ಳಿಲ್ಲ ವೈನಿ, ಮುಟ್ಟಿ ನೋಡ್ರಿ.”

“ಮುಳ್ಳಿಲ್ಲದ ಕಳ್ಳಿ, ಸಿಟ್ಟಿಲ್ಲದ ಅತ್ತಿ, ಎರಡೂ ಕಂಡಾವರು ಯಾರೂ ಇಲ್ಲ ಬಿಡು.”

ಅಣ್ಣನೂ ಒಂದು ಸಲ ಕೇಳಿದ, “ಇವನ್ನೆಲ್ಲಿ ಹಚ್ಚಾಂವ?” ಎಂದು. ಅವನಿಗೆ ಗಿಡ ಚಿಗುರಿದ ಮೇಲೆಯೇ ತೋರಿಸಬೇಕು ಎಂದು ನನ್ನ ಹುಮ್ಮಸ್ಸು. “ವೈನಿ ತಮ್ಮನ ಲಗ್ನಕ್ಕ ತೋರಣ ಕಟ್ಟಾಕ” ಎಂದುಬಿಟ್ಟೆ. ಅವನು ನಗಲಿಲ್ಲ. ನನ್ನ ಮಾತಿಗೆ ಅವನು ಯಾವತ್ತು ನಕ್ಕಿದ್ದಾನೆ?

ಲಗ್ನಕ್ಕೆಂದು ಇಬ್ಬರೂ ವೈನಿಯ ತವರು ನಿಡೋಣಿಗೆ ಹೋಗಿ ಎಂಟು ದಿನ ಉಳಿದರು. ಆ ಎಂಟು ದಿನದಲ್ಲಿ ನಾನು ಕೆಲಸ ಶುರುಮಾಡಿದೆ. ಕಾಲೇಜಿನಿಂದ ತಂದ ಅಳತೆಯ ಹಗ್ಗ ಹಿಡಿದು, ಬಾವಿಯ ಕಟ್ಟೆಯಿಂದ ಮೂಡಲ ಬದುವಿನವರೆಗೆ, ನೀರಿನ ಕಾಲುವೆಯ ಗುಂಟ ಒಂದು ಸಾಲು. ಅಕ್ಕಾ, ಗೆರೆ ಕೊರೆದ ಹಾಗೆ ನೆಟ್ಟಗೆ! ಉಳಿದ ತುಂಡುಗಳು ಇನ್ನೂ ಒಣಗಿರಲಿಲ್ಲ, ಹೀಗಾಗಿ ಆ ಒಂದೇ ಸಾಲು.

ಅಣ್ಣ ಬಂದವನು ಮನೆಗೂ ಹೋಗಲಿಲ್ಲ, ಹೊಲದಲ್ಲಿ ಇಳಿದ. ಬಾವಿಯ ಹತ್ತಿರ ನಿಂತು ಸಾಲಿನ ಆ ತುದಿಯವರೆಗೂ ನೋಡಿದ.

“ನೀನ ಹಚ್ಚಿದೇನು?”

“ನಾನ ಅಣ್ಣಾ.”

“ಇಚಾರ ಮಾಡಿ ಹಚ್ಚಿದಿ?”

“ಮೂರು ವರ್ಷ ಇಚಾರ ಮಾಡೇನಿ.”

“ಹಂಗಾದ್ರ ಆತು” ಎಂದ. ಆಮೇಲೆ, “ಯಾವ ಕಡೀದು ನಿನಗ?” ಎಂದು ಕೇಳಿದ. ಉಳಿದ ಸಾಲುಗಳ ಮಾತು ಎಂದುಕೊಂಡು, ನೀರಿನ ಇಳುಕಲು ತೆಂಕಲಿಗೆ ಇದೆ, ತೆಂಕಲ ಕಡೆಯದು ಕೊಡು ಎಂದೆ. ಗೋಣು ಹಾಕಿದ.

ಅಂದಿನಿಂದ ಅವನಿಗೆ ಏನಾಗಿದೆಯೋ. ನೇಗಿಲು ಹೊಡೆಯುತ್ತ ಬಂದವನು ನನ್ನ ಸಾಲು ಬಂತೆಂದರೆ ಎತ್ತು ತಿರುಗಿಸುತ್ತಾನೆ, ಒಂದು ಗೇಣು ದಾಟುವುದಿಲ್ಲ. ಇಷ್ಟು ಮರ್ಯಾದೆ ನನ್ನ ಡಿಗ್ರಿಗೂ ಸಿಕ್ಕಿರಲಿಲ್ಲ. ವೈನಿ ಅಡಿಗೆಮನೆಯ ಹೊಗೆ ಕಣ್ಣಿಗೆ ಆಗದು ಎಂದು ದನದ ಕೊಟ್ಟಿಗೆಯ ಪಕ್ಕ ಹೊಸ ಒಲೆ ಹೂಡಿದ್ದಾಳೆ. ನನಗೆ ಮಾತ್ರ ಹಳೆಯ ಒಲೆಯ ಮುಂದೆ ಎಲ್ಲರಿಗಿಂತ ಮೊದಲು ಬಡಿಸುತ್ತಾಳೆ, ಬೀಗರಿಗೆ ಬಡಿಸಿದ ಹಾಗೆ. ಬಿ.ಎಸ್ಸಿ. ಮಾಡಿದವನು ಬೇಸಾಯಕ್ಕೆ ಬಂದರೆ ಮನೆಯವರಿಗೆಲ್ಲ ಬೇಸರ, ಅಷ್ಟೇ ಇರಬೇಕು.

ಕುರಿ ಕಾಯುವ ಅಮೋಘಿ ದಿನಾ ಬಂದು ನಾನು ನೀರು ಬಿಡುವುದನ್ನು ನೋಡುತ್ತ ಕೂಡುತ್ತಾನೆ. “ಸಣ್ಣಪ್ಪಾ, ಕಳ್ಳಿಗಿ ನೀರ ಹಾಕೂದಂದ್ರ ಕಾಗಿಗಿ ಕಾಡಿಗಿ ಹಚ್ಚಿದಂಗ” ಎನ್ನುತ್ತಾನೆ. ನಗು, ಅಕ್ಕಾ. ನೀನು ನಕ್ಕರೆ ನನಗೆ ಧೈರ್ಯ.

ಮಕ್ಕಳ ಗಲ್ಲಕ್ಕೆ ಒಂದೊಂದು ಮುತ್ತು.

ನಿನ್ನ ತಮ್ಮ,
ಗುರಲಿಂಗಪ್ಪ

ತಿಕೋಟಾ
೨೯ ಆಗಸ್ಟ್ ೧೯೬೪

ಕಾಶಕ್ಕಾ,

ನಿನ್ನ ಕಾರ್ಡು ಬಂದು ತಿಂಗಳಾಯಿತು. ಕಾರ್ಡು ಚಿಕ್ಕದು, ಪೆಟ್ಟು ದೊಡ್ಡದು. ಅದನ್ನು ಎಷ್ಟು ಸಲ ಓದಿದ್ದೇನೆಂದರೆ ನಿನ್ನ ಕೈಯಕ್ಷರದಲ್ಲಿಯೇ ಕಣ್ಣ ಮುಂದೆ ನಿಲ್ಲುತ್ತದೆ:

“ಗುರಲಿಂಗ್ಯಾ, ಓದಿದಾಂವ ನೀ, ಆದ್ರ ಊರ ತಿಳೀಲಿಲ್ಲ ನಿನಗ. ನಮ್ಮ ಸೀಮ್ಯಾಗ ತಮ್ಮ ಆದಾಂವ ಅಣ್ಣನ ಎದುರಿಗಿ ನಿಂತು ಪಾಲು ಬೇಡೂದಿಲ್ಲ. ಅಣ್ಣ ಊರಾಗ ಇಲ್ಲದಾಗ ಹೊಲದ ನಡಬರಕ ಕಳ್ಳಿ ಹಚ್ಚತಾನ. ಅಣ್ಣ ಬಂದು ನೋಡತಾನ. ಮಾನ ಇದ್ದಾಂವ ಬಾಯಿ ತೆರೀಲಾರದ ಅಮಾಸಿ ಒಳಗ ಒಲಿ ಬ್ಯಾರೆ ಮಾಡತಾನ. ನಮ್ಮಪ್ಪ, ಕಾಕಾ ಬ್ಯಾರೆ ಆಗಿದ್ದು ಹಿಂಗ. ಆಗ ನೀ ತೊಟ್ಟಲದಾಗ ಇದ್ದಿ. ಬೇಕಂತ ಹಚ್ಚಿದೋ, ತಿಳೀಲಾರದ ಹಚ್ಚಿದೋ? ತಿಳೀಲಾರದ ಹಚ್ಚಿದ್ರ ಇವತ್ತ ಕಿತ್ತು ಒಗಿ, ಓಡಿ ಹೋಗಿ ಕಾಲ ಹಿಡಿ.”

ಅಕ್ಕಾ, ಎಂಟನೇ ವರ್ಷಕ್ಕೇ ಅಣ್ಣ ನನ್ನನ್ನು ವಿಜಾಪುರದ ಬೋರ್ಡಿಂಗಿಗೆ ಒಯ್ದು ಬಿಟ್ಟ. ಅಲ್ಲಿಂದ ಧಾರವಾಡ. ಊರಿಗೆ ಬಂದದ್ದು ರಜೆಗೆ, ಉಂಡದ್ದು, ಮಲಗಿದ್ದು, ಎಲ್ಲರನ್ನೂ ನಗಿಸಿದ್ದು. ಸಾವಿರ ಗಿಡದ ಹೆಸರು ಬಲ್ಲೆ. ನಮ್ಮ ಹೊಲದಲ್ಲಿ ಕಳ್ಳಿ ಎಂದರೆ ಏನು ಎಂಬ ಒಂದು ಸಂಗತಿ ನನಗೆ ಯಾರೂ ಹೇಳಿಕೊಡಲಿಲ್ಲ. ನಾನು ಹಾಲಿಗೆಂದು ಹಚ್ಚಿದೆ, ಅದು ಪಾಲು ಕೊಟ್ಟಿತು.

ನಿನ್ನ ಕಾರ್ಡು ಬರುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ. ವೈನಿ ಎರಡಕ್ಕಿಂತ ಹೆಚ್ಚು ಪಾತ್ರೆ ತೆಗೆದುಕೊಳ್ಳಲಿಲ್ಲ. ಅಣ್ಣ ಕಪ್ಪು ಆಕಳನ್ನು ಮಾತ್ರ ಹೊಡೆದುಕೊಂಡು ಹೋದ. ಎತ್ತಿನ ಜೋಡಿ ಬಿಟ್ಟ. ಒಂದಾದರೂ ಒಯ್ಯಿ ಎಂದೆ.

“ಕಪಿಲಿ ಎಳೀಲಿಕ್ಕ ಜೋಡಿ ಬೇಕು. ಒಂಟೆತ್ತಿನಿಂದ ನೀರ ಮ್ಯಾಲ ಬರೂದಿಲ್ಲ” ಎಂದ.

“ಮತ್ತ ನಿನ್ನ ಹೊಲಕ್ಕ ನೀರು?”

“ಒಂದು ಬಾವ್ಯಾಗ ಎರಡು ಮನಿ ಕಪಿಲಿ ಹೂಡಿದ್ರ ನೀರಿಗಿಂತ ಮದಲ ಜಗಳ ಮ್ಯಾಲ ಬರತೈತಿ. ನಿನ್ನ ಗಿಡ ಸಣ್ಣವು. ಅವಕ್ಕ ಹಾಯಿಸು.”

ಬೈದಿದ್ದರೆ ಒಳ್ಳೆಯದಿತ್ತು. ಈಗ ನಿಡೋಣಿಯಲ್ಲಿ ಮಾವನ ಹೊಲದಲ್ಲಿ ದುಡಿಯುತ್ತಿದ್ದಾನೆ. ಇಡೀ ತಿಕೋಟಾದಲ್ಲಿ ತಲೆಯೆತ್ತಿ ನಡೆದ ಶಂಕ್ರೆಪ್ಪ, ಹೆಂಡತಿಯ ತವರಿನಲ್ಲಿ ಎರಡನೆಯ ಪಂಕ್ತಿಗೆ ಉಣ್ಣುತ್ತಾನಂತೆ. ಅವನ ಬಡಗಲ ಭಾಗ ಬೀಳು ಬಿದ್ದಿದೆ. ಊರ ಮಂದಿ ನನ್ನನ್ನು ಕಂಡರೆ ರಾಮ್ ರಾಮ್ ಎನ್ನುತ್ತಾರೆ, ಮುಂದೆ ಮಾತಿಲ್ಲ.

ಕಾಲು ಹಿಡಿಯಲು ಓಡಲಿಲ್ಲ, ಕಾಗದ ಬರೆದೆ. ನಾಲ್ಕು ಹಾಳೆ. ಅಣ್ಣನಿಗೆ ಓದಲು ಬರುವುದಿಲ್ಲ, ಅಲ್ಲಿಯ ಶಾಲೆಯ ಲಾಲಸಾಬ ಮಾಸ್ತರರು ಓದಿ ಹೇಳಿದರಂತೆ. ಅಕ್ಕಾ, ನನ್ನ ಕೈಗೆ ಬಡಿದ ರೋಗವನ್ನು ನೀನು ಬಲ್ಲೆ. ಅಳುವ ಕಾಗದದಲ್ಲಿಯೂ ನಾಲ್ಕು ನಗೆಯ ಮಾತು ನುಸುಳಿದ್ದವು. ಎರಡನೆಯ ಹಾಳೆಗೆ ಮಾಸ್ತರರಿಗೆ ನಗು ತಡೆಯಲಾಗಲಿಲ್ಲ. ಸುತ್ತ ಕುಳಿತವರೂ ನಕ್ಕರು. ಅಣ್ಣ ನಡುವೆಯೇ ಎದ್ದು ಹೋದನಂತೆ. “ಅಂವನ ಮಾತಿನಾಗ ಖರೆ ಯಾವುದು, ಚ್ಯಾಷ್ಟಿ ಯಾವುದು, ನನಗ ಎಂದೂ ತಿಳಿದಿಲ್ಲರೀ ಮಾಸ್ತರ” ಎಂದನಂತೆ.

ಕಿತ್ತು ಒಗೆ ಎನ್ನುತ್ತೀಯ. ಈಗಷ್ಟೇ ಬೇರು ಬಿಟ್ಟಿವೆ, ಒಂದೊಂದರ ನೆತ್ತಿಯ ಮೇಲೆ ಎರಡೆರಡು ಎಳೆಯ ಎಲೆ, ಬೆಕ್ಕಿನ ಕಿವಿಯ ಹಾಗೆ. ಉಳಿದ ಸಾಲುಗಳನ್ನೂ ಹಚ್ಚಿ ಮುಗಿಸಿದ್ದೇನೆ. ಒಂದು ಬೇಸಿಗೆ ಕಳೆಯಲಿ. ಇದು ಬೇಲಿಯಲ್ಲ, ಮೇವು ಎಂದು ಗಿಡವೇ ಅಣ್ಣನಿಗೆ ಹೇಳುತ್ತದೆ. ನನಗಿಂತ ಅದರ ಮಾತನ್ನು ಅವನು ನಂಬಿಯಾನು.

ಭಾವನವರಿಗೆ ನಮಸ್ಕಾರ. ನನ್ನ ಮೇಲೆ ಸಿಟ್ಟಿರಲಿ, ಆದರೆ ಕಾಗದ ಬರೆಯುವುದನ್ನು ಬಿಡಬೇಡ.

ಗುರಲಿಂಗ

ತಿಕೋಟಾ
೧೧ ಏಪ್ರಿಲ್ ೧೯೬೬

ಕಾಶಕ್ಕನ ಪಾದಗಳಿಗೆ,

ಯುಗಾದಿಗೆ ನೀನು ಕಳಿಸಿದ ಕಾಗದಕ್ಕೆ ಈಗ ಉತ್ತರ. ಕ್ಷಮಿಸು ಎನ್ನಲು ಈ ಸಲ ಹೊಸ ಮಾತು ಹೊಳೆಯಲಿಲ್ಲ, ಹಳೆಯದನ್ನೇ ಇಟ್ಟುಕೋ.

ಹೋದ ವರ್ಷ ಮಳೆರಾಯ ಬರತೇನಿ ಬರತೇನಿ ಎಂದು ಕಾಯಿಸಿ, ಕೊನೆಗೆ ತಾನು ಬಾರದೆ ಬರವನ್ನೇ ಕಳಿಸಿದ. ಜೋಳ ಮೊಣಕಾಲಿಗೆ ಬಂದು ನಿಂತಿತು. ದನಕ್ಕೆ ಹಾಕಲು ಕಣಿಕೆಯೇ ಇಲ್ಲ. ಬಬಲೇಶ್ವರದ ಸಂತೆಯಲ್ಲಿ ದನ ಮಾರುವವರೇ ಎಲ್ಲ, ಕೊಳ್ಳುವವರಿಲ್ಲ. ಬಾವಿಯಲ್ಲಿ ಮುಂಜಾನೆ ಎರಡು ತಾಸು ಕಪಿಲೆ ನಡೆದರೆ ತಳದ ಕಲ್ಲು ಕಾಣುತ್ತದೆ.

ಆದರೆ ಕಳ್ಳಿ ಬೆಳೆದಿದೆ ಅಕ್ಕಾ. ಎದೆಮಟ್ಟ ಬೆಳೆದಿದೆ. ಸುತ್ತ ಎಲ್ಲಿ ನೋಡಿದರೂ ಬೂದಿಯ ಬಣ್ಣ, ನಡುವೆ ನನ್ನ ತೆಂಕಲ ಭಾಗ ಒಂದೇ ಹಸಿರು. ನಾನು ಹೇಳಿದ್ದೆಲ್ಲ ನಿಜವಾಯಿತು. ಕುಡಗೋಲಿನಿಂದ ಕೊಯ್ದು, ಸಣ್ಣಗೆ ಹೆಚ್ಚಿ, ಇದ್ದಷ್ಟು ಒಣ ಹೊಟ್ಟು ಬೆರೆಸಿ ಹಾಕಿದರೆ ದನ ಬುಟ್ಟಿ ನೆಕ್ಕುತ್ತವೆ. ಕಾಗೆಗೆ ಕಾಡಿಗೆ ಎಂದ ಅಮೋಘಿಯ ಕುರಿಗಳು ಇವತ್ತು ಬದುಕಿರುವುದು ಇದರಿಂದ. ಪ್ರತಿ ವರ್ಷ ಕೃಷ್ಣೆಯ ದಂಡೆಗೆ ಇಳಿಯುತ್ತಿದ್ದವನು ಈ ಸಲ ಹಟ್ಟಿ ಬಿಟ್ಟು ಕದಲಲಿಲ್ಲ. ವಿಜಾಪುರದಿಂದ ಟೋಪಿ ಹಾಕಿದ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಗಿಡದ ಪಕ್ಕ ನಿಂತು ಫೋಟೋ ಹೊಡೆಸಿಕೊಂಡರು. “ಇದರ ಹಿಂದಿನ ಕಥಿ ಏನ್ರಿ?” ಎಂದು ಕೇಳಿದರು. ಹಿಂದೆ ಬೀಳು ಬಿದ್ದ ಅಣ್ಣನ ಹೊಲ ಕಾಣುತ್ತಿತ್ತು. “ಹಿಂದ ಏನೂ ಇಲ್ರಿ” ಎಂದೆ.

ಫೆಬ್ರುವರಿಯಲ್ಲಿ ಅಮೋಘಿಯ ಕೈಯಲ್ಲಿ ಒಂದು ಬಂಡಿ ಕಳ್ಳಿ ನಿಡೋಣಿಗೆ ಕಳಿಸಿದೆ. ಕಪ್ಪು ಆಕಳ ಎಲುಬು ಎಣಿಸುವ ಹಾಗಾಗಿದೆ ಎಂದು ಕೇಳಿದ್ದೆ. ಇನ್ನೊಮ್ಮೆ ಅದೇ ತಪ್ಪು ಮಾಡುತ್ತಿದ್ದೇನೆ ಎಂದು ಹೊಳೆಯಲಿಲ್ಲ ನೋಡು. ನಾನು ಮೇವು ಕಳಿಸಿದೆ. ಅವರ ಬಾಗಿಲಿಗೆ ಹೋಗಿ ನಿಂತದ್ದು ಕಳ್ಳಿ.

ವೈನಿ ಹೊಸ್ತಿಲು ದಾಟಿ ಬಂದಳಂತೆ. “ಯಪ್ಪಾ ಅಮೋಘಿ, ಹೊಲದಾಗ ಹಚ್ಚಿದ್ದು ಸಾಲಲಿಲ್ಲಂತ ಈಗ ನಮ್ಮ ಬಾಗಲಿಗೂ ಕಳಿಸ್ಯಾನೇನು ಮೈದನ? ಇಲ್ಲಿಂದೂ ಎಲ್ಲಿಗಿ ಹೋಗೂಣು ನಾವು?”

“ತಾಯಿ, ಇದು ದನ ತಿನ್ನೂದೈತಿ. ನನ್ನ ಕುರಿ ತಿಂದಾವ.”

“ನಿನ್ನ ಕುರಿಗಿ ಅಣ್ಣತಮ್ಮ ಇಲ್ಲ, ತಿಂತಾವ. ಹೊಳ್ಳಿಸಿಕೊಂಡು ಹೋಗು.”

ಆಕಳು ವಾಸನೆಗೆ ಕುತ್ತಿಗೆ ಚಾಚಿತ್ತಂತೆ. ವೈನಿ ಕೊರಳ ಕಣ್ಣಿ ಹಿಡಿದು ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳಂತೆ. ಅಮೋಘಿ ಇದನ್ನು ಹೇಳುವಾಗ ನನ್ನತ್ತ ನೋಡಲಿಲ್ಲ. ಮುಂದೆ ಹದಿನೇಳು ದಿನಕ್ಕೆ ಆಕಳು ಹೋಯಿತು.

ಹೋದ ಸೋಮವಾರ ನಾನೇ ಹೋದೆ. ಬಬಲೇಶ್ವರದವರೆಗೆ ಬಸ್ಸು, ಮುಂದೆ ನಡಿಗೆ. ಅಣ್ಣನನ್ನು ಕಂಡೆ, ಮಾತಾಡಿದೆ. ಕೆಲಸವಾಗಲಿಲ್ಲ. ಅವನ ಹಟ ನಿನಗೆ ಗೊತ್ತೇ ಇದೆ. ಹಟ ಹಿಡಿದವನ ಮುಂದೆ ನಾನು ಎಷ್ಟೆಂದು ಹೇಳಲಿ? ಬಸವ ಜಯಂತಿಗೆ ನೀನೇ ಬಂದು, ನಿಡೋಣಿಗೆ ಹೋಗಿ ಅವನಿಗೆ ಬುದ್ಧಿ ಹೇಳುತ್ತೇನೆ ಎಂದು ಬರೆದಿದ್ದೀಯ. ಬಾ. ಬಿಸಿಲು ಬಹಳ, ಮಕ್ಕಳ ತಲೆಗೆ ಬಟ್ಟೆ ಕಟ್ಟು. ಭಾವನವರ ಕೆಮ್ಮು ಕಡಿಮೆಯಾಗಲಿ. ನಿನ್ನ ಮನೆಯ ಒಲೆ ಒಂದೇ ಇರಲಿ, ಅದು ಯಾವಾಗಲೂ ಉರಿಯುತ್ತಿರಲಿ ಎಂದು ಬೇಡಿಕೊಳ್ಳುತ್ತೇನೆ. ನನ್ನ ಬೇಡಿಕೆ ಎಲ್ಲಿಯಾದರೂ ಮುಟ್ಟುವ ಹಾಗಿದ್ದರೆ.

ನಿನ್ನ
ಗುರಲಿಂಗಪ್ಪ

ತಾ.ಕ. — ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಹರಿದೆ. ಅಕ್ಕಾ, ಅವನಿಗೆ ಬುದ್ಧಿ ಹೇಳಲು ಹೋಗಬೇಡ. ಅವನು ಹಟ ಹಿಡಿದಿಲ್ಲ.

ಸಾಲು ಹಚ್ಚಿದ ದಿನ ನನಗೆ ಏನೂ ಗೊತ್ತಿರಲಿಲ್ಲ, ಅದು ನಿಜ. ಆದರೆ ನಿನ್ನ ಕಾರ್ಡಿನಿಂದ ತಿಳಿಯಿತು ಎಂದದ್ದು ಸುಳ್ಳು. ಅಣ್ಣ ಲಗ್ನದಿಂದ ಬಂದ ಮೂರನೆಯ ದಿನವೇ ಅಮೋಘಿ ಬಾವಿಯ ಕಟ್ಟೆಯ ಮೇಲೆ ಕುಳಿತು ಕೇಳಿದ್ದ: “ಪಾಲು ತಗೊಂಡೀ ಏನು ಸಣ್ಣಪ್ಪಾ? ಶಂಕ್ರೆಪ್ಪಗೌಡ ಅಮಾಸಿ ತನಕ ಇರತಾನ, ಆಮ್ಯಾಲ ಇರೂದಿಲ್ಲ.” ಎಲ್ಲ ಬಿಡಿಸಿ ಹೇಳಿದ. ಅಣ್ಣ ಮನೆ ಬಿಟ್ಟು ಹೋಗುವವರೆಗೆ ನನಗೆ ಹದಿನೆಂಟು ದಿನವಿತ್ತು. ಅಣ್ಣ ಇಪ್ಪತ್ತು ಹೆಜ್ಜೆ ದೂರದಲ್ಲಿ ನೇಗಿಲು ಹೊಡೆಯುತ್ತಿದ್ದ. ಇದು ಬೇಲಿಯಲ್ಲೋ ಅಣ್ಣಾ ಎಂದು ಕೂಗಿದ್ದರೆ ಸಾಕಿತ್ತು. ದಿನಾ ಮುಂಜಾನೆ ಹೇಳಬೇಕೆಂದು ಏಳುತ್ತಿದ್ದೆ. ಆದರೆ ಅವನು ಬಾವಿ ಮುಟ್ಟುವುದನ್ನು ಬಿಟ್ಟಿದ್ದ. ಅವನ ಉಳ್ಳಾಗಡ್ಡಿಗೆ ಹೋಗುತ್ತಿದ್ದ ನೀರೆಲ್ಲ ನನ್ನ ಕಾಲುವೆಗೆ ಬರುತ್ತಿತ್ತು. ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಉತ್ತರ ಕೊಡಬೇಕಿಲ್ಲ. ಇವತ್ತೊಂದು ದಿನ ಹಾಯಿಸಿ ನಾಳೆ ಹೇಳೋಣ ಎನಿಸುತ್ತಿತ್ತು. ನಿನಗೆ ನಗು ಬರಲೆಂದು ಆ ಮೊದಲ ಕಾಗದ ಬರೆದದ್ದು ಆ ದಿನಗಳಲ್ಲಿಯೇ.

ಸೋಮವಾರ ಏನಾಯಿತೆಂದರೆ, ಅಣ್ಣ ನನ್ನ ಮಾತನ್ನೆಲ್ಲ ಕೂತು ಕೇಳಿದ. ಈ ಸಲ ನಾನು ಒಂದೂ ಚೇಷ್ಟೆ ಮಾಡಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ವೈನಿಯನ್ನು ಕರೆದು, “ಕೇಳಿದೇನ? ಅಂವಗ ಗೊತ್ತಿದ್ದಿಲ್ಲಂತ” ಎಂದ. ಆಮೇಲೆ ಎದ್ದು ನಿಂತ.

“ಲೇ ಗುರ್ಲಿಂಗ, ಎರಡು ವರ್ಷ ಇವರ ಮನ್ಯಾಗ ತಲಿ ತಗ್ಗಿಸಿ ಉಂಡೇನಿ. ಸುಮ್ಮ ಹೊಳ್ಳಿ ಬರಾಕ ನನಗೂ ಒಂದು ಆಸರಾ ಬೇಕು. ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳು, ಅಮಾಸಿ ತನಕಾ ನನಗ ತಿಳಿದಿದ್ದಿಲ್ಲ ಅಂತ. ಅಷ್ಟ ಸಾಕು. ಈಗಿಂದೀಗ ಬಂಡಿ ಹೂಡತೇನಿ.”

ಪಟಕಾ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ತಲೆ ಬಾಗಿಸಿದ. ಅವನ ತಲೆಯನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ, ಅಕ್ಕಾ. ನೆತ್ತಿಯ ಮೇಲೆ ಕೂದಲೆಲ್ಲ ಬೆಳ್ಳಗಾಗಿವೆ. ವೈನಿ ಒಳಗೆ ಹೋಗಿ ಗಂಟು ಕಟ್ಟತೊಡಗಿದ್ದಳು, ಪಾತ್ರೆಯ ಸಪ್ಪಳ ಕೇಳುತ್ತಿತ್ತು. ನನ್ನ ಕೈ ಅರ್ಧಕ್ಕೆ ಎದ್ದು ನಿಂತಿತು. ಅಲ್ಲಿಂದ ಮುಂದೆ ಹೋಗಲಿಲ್ಲ.

“ಅಣ್ಣಾ, ವೈನಿ ತಲಿಗಿ ಎಣ್ಣಿ ಹಚ್ಚೂದು ಬಿಟ್ಟಾಳೇನು?” ಎಂದೆ.

ಅವನು ಬಹಳ ಹೊತ್ತು ಹಾಗೇ ಬಾಗಿ ನಿಂತಿದ್ದ. ಆಮೇಲೆ ಪಟಕಾವನ್ನು ಸುತ್ತು ಸುತ್ತಾಗಿ ಕಟ್ಟಿಕೊಂಡ. ಒಳಗಿನ ಸಪ್ಪಳ ನಿಂತಿತು.

“ಬಿಸಲಾಗ ನಡಕೋತ ಬಂದಿ” ಎಂದ ಅಣ್ಣ. “ಉಂಡು ಹೋಗು.”